ನಾಲ್ಕನೆಯ ಸಾಲು

ಭಾನುವಾರ ಸಂಜೆ ನಾನು ಮೊರದ ಮುಂದೆ ಕುಳಿತು ಶೇಂಗಾ ಬಿಡಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಮಗಳು ನೋಟುಬುಕ್ಕು ಹಿಡಿದುಕೊಂಡು ಬಂದು ಪಕ್ಕದಲ್ಲೇ ಕುಳಿತಳು. ಪದ್ಯವೊಂದಕ್ಕೆ ಪ್ರಸ್ತಾರ ಹಾಕಿಕೊಂಡು ಬರಬೇಕಂತೆ, ಯಾವ ಪದ್ಯವಾದರೂ ಸರಿ. ಅವಳು ಆರಿಸಿಕೊಂಡಿದ್ದು ಗೋವಿನ ಹಾಡು. ಪ್ರತಿ ಅಕ್ಷರದ ನೆತ್ತಿಯ ಮೇಲೂ ಪೆನ್ಸಿಲಿನಿಂದ ಗುರು ಲಘುಗಳನ್ನು ಅಂದವಾಗಿ ಗುರುತಿಸಿದ್ದಳು. ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ ಮಾತ್ರೆ: ಗುರುವಿಗೆ ಎರಡು, ಲಘುವಿಗೆ ಒಂದು.

‘ಅಮ್ಮ, ಮೂರು ಸಾಲಿಗೆ ಹದಿನಾಲ್ಕು ಹದಿನಾಲ್ಕು ಬರುತ್ತದೆ. ನಾಲ್ಕನೆಯದಕ್ಕೆ ಮಾತ್ರ ಕಡಿಮೆ ಬೀಳುತ್ತದೆ. ನನ್ನ ಲೆಕ್ಕ ತಪ್ಪಿದೆಯೋ, ಹಾಡೇ ತಪ್ಪಿದೆಯೋ?’

ಅವಳು ಬರೆದುಕೊಂಡಿದ್ದ ನುಡಿ ಇದು:

ಮುಂದೆ ಬಂದರೆ ಹಾಯಬೇಡಿರಿ
ಹಿಂದೆ ಬಂದರೆ ಒದೆಯಬೇಡಿರಿ
ಕಂದ ನಿಮ್ಮವನೆಂದು ಕಾಣಿರಿ
ತಬ್ಬಲಿಯನೀ ಕರುವನು

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ನಾಲ್ಕನೆಯ ಸಾಲನ್ನು ಓದುವಾಗ ನನ್ನ ಕಿವಿಯಲ್ಲಿ ಏನೋ ಎಡವಿದಂತಾಯಿತು. ಅದೇನೆಂದು ಆಮೇಲೆ ಹೇಳುತ್ತೇನೆ. ಮೊದಲು ಅವಳ ಪ್ರಶ್ನೆ. ಆ ಪ್ರಶ್ನೆಯ ಬೆನ್ನು ಹತ್ತಿ ನಾನು ವಾರಗಟ್ಟಲೆ ಈ ಹಾಡಿನೊಳಗೇ ಓಡಾಡಿದೆ. ಚಿತ್ರದುರ್ಗದ ಮನೆಯಿಂದ ಕಚೇರಿಗೆ ನಡೆಯುವ ದಾರಿಯಲ್ಲಿ ಹೆಜ್ಜೆಗೆ ಸರಿಯಾಗಿ ‘ತಕಿಟ ತಕಧಿಮಿ’ ಎಂದುಕೊಳ್ಳುತ್ತಿದ್ದೆ. ಮೂರು, ನಾಲ್ಕು, ಮೂರು, ನಾಲ್ಕು. ಈ ಹಾಡಿನ ನಡೆಯೇ ಅದು.

ಮುಂದೆ ಎಂದರೆ ಮೂರು ಮಾತ್ರೆ, ಬಂದರೆ ಎಂದರೆ ನಾಲ್ಕು, ಹಾಯ ಮೂರು, ಬೇಡಿರಿ ನಾಲ್ಕು. ಒಟ್ಟು 14. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಕಥೆ ಕೇಳಿದವರಿಗೆ ಇದು ರಕ್ತಗತವಾದ ಲಯ. ಅದರ ಗಿಡ್ಡ ಸಾಲುಗಳೂ ಹೀಗೆಯೇ ಮೂರು ನಾಲ್ಕು, ಮೂರು ನಾಲ್ಕು ಎಂದು ನಡೆಯುತ್ತವೆ. ಮೂರರದು ಅವಸರದ ಹೆಜ್ಜೆ, ನಾಲ್ಕರದು ಸಾವಧಾನದ ಹೆಜ್ಜೆ. ಎರಡೂ ಒಂದಾದ ಮೇಲೆ ಬರುವ ಓಲಾಟ ಮೇವು ಮುಗಿಸಿ ಮನೆಯತ್ತ ಹೊರಟ ದನದ ನಡಿಗೆಯ ಹಾಗೆ ನನಗೆ ಕಾಣುತ್ತದೆ. ದನ ಮೇಯುವ ಕಾವಲಿನ ಅಂಚಿನ ಊರಿನಲ್ಲಿ ಬೆಳೆದವಳು ನಾನು, ಹಾಗೆ ಕಾಣದೆ ಇನ್ನೇನು ಕಂಡೀತು.

ನಾಲ್ಕನೆಯ ಸಾಲಿಗೆ ಬರೋಣ. ತಬ್ಬ ಮೂರು, ಲಿಯನೀ ನಾಲ್ಕು, ಕರುವ ಮೂರು. ಉಳಿದದ್ದು ನು ಒಂದೇ. ಸಾಲಿನ ಕೊನೆಯ ಲಘುವನ್ನು ಗುರುವೆಂದು ಹಿಡಿಯುವ ಪದ್ಧತಿಯಂತೆ ಎಣಿಸಿದರೂ 12 ಮಾತ್ರೆ. ಎರಡು ಮಾತ್ರೆಯ ಜಾಗ ಖಾಲಿ. ಹಾಡಿನ ಬಹುಪಾಲು ನುಡಿಗಳಲ್ಲಿ ಹೀಗೆಯೇ: ಮೂರು ಸಾಲು ಹೆಚ್ಚುಕಡಿಮೆ ತುಂಬಿ ಬರುತ್ತವೆ, ನಾಲ್ಕನೆಯದು ತುಂಬುವ ಮೊದಲೇ ನಿಲ್ಲುತ್ತದೆ. ಮಗಳಿಗೆ ಹೇಳಿದೆ, ಇದು ತಪ್ಪಲ್ಲ, ಉಸಿರು ತೆಗೆದುಕೊಳ್ಳುವುದಕ್ಕೆ ಬಿಟ್ಟ ಜಾಗ ಎಂದು. ಹೇಳಿದ ಮೇಲೆ ನನಗೇ ಆ ಉತ್ತರ ಸಾಲದು ಅನ್ನಿಸಿತು. ಉಸಿರಿಗಾಗಿಯೇ ಆದರೆ ಪ್ರತಿ ಸಾಲಿನ ಕೊನೆಗೂ ಒಂದಿಷ್ಟು ಬಿಡಬಹುದಿತ್ತಲ್ಲ.

ಎಲ್ಲ ಸಾಲುಗಳೂ ಅಳೆದಿಟ್ಟ ಹಾಗಿವೆ ಎಂದೇನೂ ಅಲ್ಲ. ಮೊದಲ ನುಡಿಯ ‘ಇರುವ ಕಾಳಿಂಗನೆಂಬ ಗೊಲ್ಲನ’ ಎಂಬ ಸಾಲನ್ನು ಎಣಿಸಿ ನೋಡಿ, 15 ಮಾತ್ರೆ ಬರುತ್ತದೆ. ಕಾಳಿಂಗನ ಹೆಸರು ನಾಲ್ಕು ಮಾತ್ರೆಯ ಮನೆಯಲ್ಲಿ ಹಿಡಿಸುವುದಿಲ್ಲ. ಹಾಡುವವರು ಅದನ್ನು ಸ್ವಲ್ಪ ಒತ್ತಿ ಒಳಗೆ ಕೂರಿಸುತ್ತಾರೆ. ‘ಸತ್ಯವೇ ನಮ್ಮ ತಾಯಿ ತಂದೆ’ ಎಂಬಲ್ಲಿ ‘ವೇ ನಮ್ಮ’ ಎಂಬುದೂ ಐದು ಮಾತ್ರೆಯಾಗುತ್ತದೆ. ಬಾಯಿಂದ ಬಾಯಿಗೆ ಬಂದ ಹಾಡಿಗೆ ಇಂತಹ ಉಬ್ಬುತಗ್ಗುಗಳೇ ಸೊಗಸು. ಪುಸ್ತಕದಿಂದ ಪುಸ್ತಕಕ್ಕೆ ಪಾಠವೂ ಬದಲಾಗುತ್ತದೆ, ಒಂದರಲ್ಲಿ ‘ಯಾರ ಮೊಲೆಯನು’ ಎಂದಿದ್ದರೆ ಇನ್ನೊಂದರಲ್ಲಿ ‘ಆರ ಮೊಲೆಯನು’ ಎಂದಿರುತ್ತದೆ. ಕಟ್ಟಿದವರ ಹೆಸರು ಉಳಿದಿಲ್ಲ.

ಇನ್ನು ಪ್ರಾಸ. ನಮ್ಮ ಹಳೆಯ ಕಾವ್ಯದ ಪ್ರಾಸ ಸಾಲಿನ ತುದಿಯಲ್ಲಿ ಕೂರುವುದಿಲ್ಲ, ತಲೆಯ ಹತ್ತಿರ ಕೂರುತ್ತದೆ: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಧರಣಿ, ಮೆರೆಯುತಿಹ, ಇರುವ, ಪರಿಯ, ಹೀಗೆ ನಾಲ್ಕರಲ್ಲೂ ರಕಾರ. ಸುಮಾರು 700ರ ಕಾಲದ್ದೆನ್ನುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯಲ್ಲೇ ಸಾಧು, ಬಾಧಿಪ್ಪ, ಮಾಧವ ಎಂದು ಸಾಲುಗಳು ಶುರುವಾಗುತ್ತವೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಪದವನ್ನು ಮರಳಿಸಿ ಹೇಳುವ ಸುಖವೂ ಆ ಬಂಡೆಯ ಮೇಲೆ ಆಗಲೇ ಇದೆ. ಪ್ರಾಸಕ್ಕೆ ಪ್ರಾಣಿಗಳ ಹೆಸರಿಟ್ಟವರೂ ನಮ್ಮವರೇ. ನಾಗವರ್ಮನ ಛಂದಸ್ಸಿನ ಗ್ರಂಥ ಛಂದೋಂಬುಧಿ ಆರು ಬಗೆ ಹೇಳುತ್ತದೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಪ್ರಾಸಾಕ್ಷರದ ಹಿಂದೆ ಬರಿಯ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಸೊನ್ನೆಯಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಬೇರೆ ಬೇರೆ ವ್ಯಂಜನ ಕೂಡಿದ ಒತ್ತಕ್ಷರವೇ ಪ್ರಾಸವಾದರೆ ಶರಭ, ಅದದೇ ವ್ಯಂಜನ ಇಮ್ಮಡಿಸಿದರೆ ಹಯ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ, ಯಾಕೆಂದು ಆಗ ತಿಳಿದಿರಲಿಲ್ಲ. ಈಗ ಗೋವಿನ ಹಾಡನ್ನು ಹಿಡಿದು ನೋಡಿದರೆ ಮೊದಲ ನುಡಿಯಲ್ಲಿ ಸಿಂಹ. ಕರು ಕೇಳುವ ‘ಯಾರ’ ಎಂಬ ಪ್ರಶ್ನೆಗಳಲ್ಲಿ ಗಜ. ಹಸು ಹುಲಿಯ ಮುಂದೆ ನಿಂತು ‘ಖಂಡವಿದೆಕೋ’ ಎನ್ನುವಲ್ಲಿ ವೃಷಭ. ಹುಲಿಯ ಗವಿಯ ಬಾಗಿಲಲ್ಲಿ ಎತ್ತು ಬಂದು ನಿಂತಿದೆ.

ಎಂ. ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸವನ್ನು ಬಿಟ್ಟು ಬರೆಯತೊಡಗಿದರು. ಅವರ ಇಕ್ಕಟ್ಟು ನನಗೆ ಅರ್ಥವಾಗುತ್ತದೆ. ಎರಡನೆಯ ಅಕ್ಷರಕ್ಕಾಗಿ ಬೇಡದ ಪದವನ್ನು ಎಳೆದು ತಂದ ಪದ್ಯಗಳು ಎಷ್ಟಿಲ್ಲ. ಆದರೆ ಪ್ರಾಸ ಬರಿಯ ಬೇಡಿಯಾಗಿದ್ದರೆ, ಅದು ಕಳಚಿಬಿದ್ದಾಗ ಕೇಳುವವರಿಗೆ ಹಗುರವೆನ್ನಿಸಬೇಕಿತ್ತು. ಈ ಹಾಡಿನಲ್ಲಿ ಅದು ಕಳಚಿಬೀಳುವ ಜಾಗದಲ್ಲಿ ನನಗೆ ಎದೆ ಭಾರವಾಗುತ್ತದೆ.

ಮಗಳ ನುಡಿಯನ್ನೇ ಮತ್ತೆ ನೋಡಿ. ಮುಂದೆ, ಬಂದರೆ, ಹಿಂದೆ, ಬಂದರೆ, ಕಂದ, ಎಂದು. ಮೂರು ಸಾಲಿನಲ್ಲಿ ಆರು ಸಲ ಆ ‘ಂದ’ ಎಂಬ ನಾದ, ಸಾಲಿಗೆ ಎರಡರಂತೆ. ಮೊದಲೆರಡು ಸಾಲಿನ ತುದಿಯಲ್ಲಿ ‘ಬೇಡಿರಿ’, ಮೂರನೆಯದರಲ್ಲಿ ‘ಕಾಣಿರಿ’. ಬೇಡ ಬೇಡ ಎಂದು ಎರಡು ಸಲ ಅಂಗಲಾಚಿದವಳು ಮೂರನೆಯ ಸಲ ಏನು ಬೇಕೆಂದು ಹೇಳುತ್ತಾಳೆ. ನಾಲ್ಕನೆಯ ಸಾಲಿಗೆ ಬಂದಾಗ ಕಿವಿ ಏಳನೆಯ ‘ಂದ’ಕ್ಕಾಗಿ ಕಾಯುತ್ತಿರುತ್ತದೆ. ಬರುವುದು ‘ತಬ್ಬಲಿ’. ಪ್ರಾಸವಿಲ್ಲ, ‘ಇರಿ’ ಎಂಬ ತುದಿಯೂ ಇಲ್ಲ, ಮಾತ್ರೆಯೂ ಪೂರ್ತಿಯಿಲ್ಲ. ಒಂದೇ ಬಳಗದ ಮೂರು ಸಾಲುಗಳ ಪಕ್ಕದಲ್ಲಿ ಯಾರಿಗೂ ಸೇರದೆ ನಿಂತ ಸಾಲು ಅದು. ತಬ್ಬಲಿ ಎಂಬ ಪದವನ್ನೇ ಪ್ರಾಸದ ಹಿಂಡಿನಿಂದ ಹೊರಗೆ ನಿಲ್ಲಿಸಲಾಗಿದೆ. ಕಟ್ಟಿದವರು ಇದನ್ನು ಎಣಿಸಿ ಮಾಡಿದರೋ, ಎದೆಯ ಒತ್ತಡಕ್ಕೆ ಅದು ತಾನಾಗಿ ಹಾಗೆ ಬಂತೋ, ನನಗೆ ಎರಡೂ ಸಮ್ಮತ.

ಈ ನುಡಿಯನ್ನು ಕಟ್ಟಿದವರಿಗೆ ದನದ ಸ್ವಭಾವ ಗೊತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಬೇರೆ ಹಸುವಿನ ಕರು ಕೆಚ್ಚಲ ಹತ್ತಿರ ಬಂದರೆ ಹಸು ಸುಮ್ಮನಿರುವುದಿಲ್ಲ. ಮೂಸಿ ನೋಡುತ್ತದೆ, ತನ್ನದಲ್ಲ ಎಂದು ತಿಳಿದರೆ ಎದುರಿಗಿದ್ದಾಗ ಕೊಂಬಿನಿಂದ ಹಾಯುತ್ತದೆ, ಹಿಂದಿನಿಂದ ನುಗ್ಗಿದರೆ ಒದೆಯುತ್ತದೆ. ಸಾಯಲು ಹೊರಟ ತಾಯಿ ಅಷ್ಟನ್ನೇ ಹೆಸರಿಟ್ಟು ಕೇಳಿಕೊಳ್ಳುತ್ತಾಳೆ. ಮುಂದೆ ಹಿಂದೆ ಎಂಬ ಜೋಡಿ ಪ್ರಾಸಕ್ಕೆ ಒದಗಿ ಬಂದದ್ದು ನಿಜ, ಅದಕ್ಕಿಂತ ಮೊದಲು ಅದು ಕೊಟ್ಟಿಗೆಯ ಅನುಭವ.

ಹೀಗೆ ಒಂದು ನುಡಿಯಲ್ಲಿ ಕಂಡ ಮೇಲೆ ಉಳಿದ ಕಡೆ ಹುಡುಕದಿರಲು ಆಗಲಿಲ್ಲ. ಕರುವಿನ ಪ್ರಶ್ನೆಗಳು:

ಯಾರ ಮೊಲೆಯನು ಕುಡಿಯಲಮ್ಮ
ಯಾರ ಸೇರಿ ಬದುಕಲಮ್ಮ
ಯಾರ ಬಳಿಯಲಿ ಮಲಗಲಮ್ಮ
ಯಾರು ನನಗೆ ಹಿತವರು

ಇಲ್ಲಿ ನಾಲ್ಕೂ ಸಾಲು ‘ಯಾರ’, ‘ಯಾರು’ ಎಂದು ಶುರುವಾಗುತ್ತವೆ, ಪ್ರಾಸ ಕೆಡುವುದಿಲ್ಲ. ಕೆಡುವುದು ಇನ್ನೊಂದು ತುದಿ. ಮೂರು ಸಾಲು ‘ಅಮ್ಮ’ ಎಂದು ಮುಗಿಯುತ್ತವೆ. ಎಣಿಸಿದರೆ ಕೊನೆಯ ‘ಲಮ್ಮ’ಕ್ಕೆ ಮೂರೇ ಮಾತ್ರೆ, ನಾಲ್ಕಕ್ಕೆ ಒಂದು ಕಡಿಮೆ. ಹಾಡುವಾಗ ಅದನ್ನು ತುಂಬಲು ಎಳೆಯಲೇಬೇಕು: ಅಮ್ಮಾ. ಆ ಎಳೆತದಲ್ಲಿ ಕರು ‘ಅಂಬಾ’ ಎನ್ನುವುದೇ ಕೇಳಿಸುತ್ತದೆ. ಹುಟ್ಟಿದ ಹಸುಳೆಗೆ ಗೊತ್ತಿರುವ ಮಾತು ಅದೊಂದೇ, ಅದನ್ನೇ ಮೂರು ಸಲ ಕೂಗುತ್ತದೆ. ನಾಲ್ಕನೆಯ ಸಾಲಿನಲ್ಲಿ ‘ಅಮ್ಮ’ ಇಲ್ಲ. ಹಾಡಿನಲ್ಲಿ ಹಸು ಇನ್ನೂ ಎದುರಿಗೇ ನಿಂತಿದೆ, ಸಾಲಿನಿಂದ ಮಾತ್ರ ಆಗಲೇ ಹೊರಟುಹೋಗಿದೆ. ಆ ಸಾಲು ನುಡಿಯಲ್ಲೆಲ್ಲ ಅತಿ ಗಿಡ್ಡದ್ದು ಕೂಡ.

‘ಖಂಡವಿದೆಕೋ ಮಾಂಸವಿದೆಕೋ, ಗುಂಡಿಗೆಯ ಬಿಸಿರಕ್ತವಿದೆಕೋ’ ಎಂಬಲ್ಲಿಯೂ ‘ಇದೆಕೋ’ ಮೂರು ಸಲ, ಅದೂ ಪ್ರತಿ ಸಲ ನಾಲ್ಕು ಮಾತ್ರೆಯ ಮನೆಯಲ್ಲೇ ಬರುತ್ತದೆ. ಮೂರು ಕೊಟ್ಟಾದ ಮೇಲೆ ನಾಲ್ಕನೆಯ ಸಲ ಕೊಡಲು ಏನೂ ಉಳಿದಿಲ್ಲ. ಮೂರನೆಯ ಸಾಲಿನ ತುದಿಯಲ್ಲಿ ‘ಇದೆಕೋ’ ಬರಬೇಕಾದ ಕಡೆ ‘ಇದೆಲ್ಲವ’ ಎಂದು ಬರುತ್ತದೆ. ‘ಸತ್ಯವೇ’ ಎಂದು ಶುರುವಾಗುವ ನುಡಿಯಲ್ಲಿ ಸತ್ಯ, ಸತ್ಯ, ಸತ್ಯ ಎಂದು ಮೂರು ಸಾಲು, ನಾಲ್ಕನೆಯದು ‘ಮೆಚ್ಚನಾ ಪರಮಾತ್ಮನು’. ತ್ಯಕಾರ ಚ್ಚಕಾರಕ್ಕೆ ತಿರುಗಿ, ಸತ್ಯದ ಮಾತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಪ್ರಾಸವೇ ತಪ್ಪಿ ತೋರಿಸುತ್ತದೆ.

ಪುನರಾವರ್ತನೆಯನ್ನು ನಾವು ಸಾಮಾನ್ಯವಾಗಿ ಹೊಗಳುವುದು ಅದು ನೆನಪಿಗೆ ಸುಲಭ ಎಂದು. ಅದು ನಿಜವೇ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ಕಂಠದಲ್ಲಿಟ್ಟುಕೊಂಡಿದ್ದವರು. ಮರಳಿ ಮರಳಿ ಬರುವ ಸಾಲುಗಳ ಆಸರೆಯಿಲ್ಲದೆ ಅಷ್ಟನ್ನು ಹೊರುವುದು ಹೇಗೆ? ಆದರೆ ಈ ಹಾಡನ್ನು ಎಣಿಸುತ್ತಾ ನನಗೆ ಹೊಳೆದದ್ದು ಇನ್ನೊಂದು. ಮೂರು ಸಲ ಹೇಳುವುದು ನಾಲ್ಕನೆಯ ಸಲ ಹೇಳದೆ ಇರುವುದಕ್ಕಾಗಿ. ಕಿವಿಗೆ ರೂಢಿ ಹತ್ತಿಸಿ, ಅದು ನಂಬಿ ಕಾಯುತ್ತಿರುವಾಗ ಕೈಬಿಡುವುದು. ಈ ಹಾಡಿನ ಅಳು ಇರುವುದು ಅಲ್ಲಿ.

ಹಾಗಾದರೆ ಎಲ್ಲ ನುಡಿಯಲ್ಲೂ ಹೀಗೆಯೇ ಎಂದುಕೊಂಡು ಹೋದೆ. ಅಷ್ಟರಲ್ಲಿ ಈ ನುಡಿ ನನ್ನನ್ನು ತಡೆದು ನಿಲ್ಲಿಸಿತು:

ತಬ್ಬಲಿಯು ನೀನಾದೆ ಮಗನೆ
ಹೆಬ್ಬುಲಿಯ ಬಾಯನ್ನು ಹೊಗುವೆನು
ಇಬ್ಬರಾ ಋಣ ತೀರಿತೆಂದು
ತಬ್ಬಿಕೊಂಡಿತು ಕಂದನ

ಹಿಂದಿನ ನುಡಿಯ ತುದಿಯಲ್ಲಿ ಯಾರಿಗೂ ಸೇರದೆ ನಿಂತಿದ್ದ ‘ತಬ್ಬಲಿ’ ಇಲ್ಲಿ ಮೊದಲ ಪದವಾಗಿ ಬಂದಿದೆ. ಈಗ ಅದು ತಾನೇ ಒಂದು ಪ್ರಾಸಕ್ಕೆ ಮೊದಲಾಗುತ್ತದೆ, ಹಯಪ್ರಾಸ. ಅದರ ಜೋಡಿಯಾಗಿ ಸಿಕ್ಕಿದ್ದು ‘ಹೆಬ್ಬುಲಿ’. ಎರಡು ಸಾಲಿನ ಅಕ್ಷರಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ: ತಬ್ಬಲಿಯು ನೀನಾದೆ, ಹೆಬ್ಬುಲಿಯ ಬಾಯನ್ನು. ಗುರು, ಲಘು, ಲಘು, ಲಘು, ಗುರು, ಗುರು, ಲಘು. ಮೊದಲ ಹತ್ತು ಮಾತ್ರೆಯವರೆಗೆ ಒಂದೂ ವ್ಯತ್ಯಾಸವಿಲ್ಲ. ಕರು ತಬ್ಬಲಿಯಾಗುವುದು, ತಾಯಿ ಹುಲಿಯ ಬಾಯಿಗೆ ಹೋಗುವುದು ಎರಡೂ ಒಂದೇ ಅಚ್ಚಿನಲ್ಲಿ ಎರಕವಾಗಿವೆ. ಒಂದಾದರೆ ಇನ್ನೊಂದು ಆಗಲೇಬೇಕು ಎಂಬುದನ್ನು ಅರ್ಥಕ್ಕಿಂತ ಮೊದಲು ಲಯ ಹೇಳಿಬಿಡುತ್ತದೆ.

ಮೂರನೆಯ ಸಾಲಿನ ‘ಇಬ್ಬರಾ’ ನೋಡಿ. ಮಾತಿನಲ್ಲಿ ಅದು ‘ಇಬ್ಬರ ಋಣ’. ಹಾಗೆ ಹೇಳಿದರೆ ಒಂದು ಮಾತ್ರೆ ಸಾಲದು, ಅದಕ್ಕೇ ‘ರಾ’ ಎಂದು ಎಳೆದಿದೆ. ಛಂದಸ್ಸಿನ ಅಗತ್ಯಕ್ಕೆ ಬಂದ ದೀರ್ಘ ಅದು. ಆದರೆ ಹಾಡಿ ನೋಡಿದಾಗ, ತಾಯಿಗೂ ಮಗುವಿಗೂ ನಡುವಿನದನ್ನು ಇಷ್ಟು ಬೇಗ ಮುಗಿಸಲಾರದೆ ಆ ಪದದ ಮೇಲೆ ದನಿ ಸ್ವಲ್ಪ ಹೊತ್ತು ನಿಂತಿತು ಅನ್ನಿಸುತ್ತದೆ. ಆಮೇಲೆ ನಾಲ್ಕನೆಯ ಸಾಲು. ಪ್ರತಿ ಸಲ ಕೈಬಿಡುತ್ತಿದ್ದ ನಾಲ್ಕನೆಯ ಸಾಲು ಈ ಸಲ ಕೈಬಿಡುವುದಿಲ್ಲ. ತಬ್ಬಲಿ ಎಂದು ಶುರುವಾದ ನುಡಿ ‘ತಬ್ಬಿಕೊಂಡಿತು’ ಎಂದು ಮುಗಿಯುತ್ತದೆ, ಅದೇ ತ, ಅದೇ ಬ್ಬ. ಬಕಾರ ತುಟಿಯಿಂದ ಹುಟ್ಟುವ ಅಕ್ಷರ, ಒತ್ತು ಬಿದ್ದಾಗ ಎರಡು ತುಟಿಗಳೂ ಒಂದನ್ನೊಂದು ಅಪ್ಪಿ ಕ್ಷಣ ಹೊತ್ತು ಹಾಗೇ ಇರುತ್ತವೆ. ನಾಲ್ಕು ಸಾಲಿನಲ್ಲಿ ನಾಲ್ಕು ಸಲ. ಆ ಪದವನ್ನು ಹೇಳುವವರ ಬಾಯಿಯೇ ತಬ್ಬಿಕೊಳ್ಳುತ್ತದೆ.

ಇನ್ನು ನನ್ನ ಕಿವಿ ಎಡವಿದ ಸಂಗತಿ.

ನನ್ನ ತಾಯಿ ತೀರಿಕೊಂಡಾಗ ನನಗೆ ಐದು ವರ್ಷ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ನನ್ನನ್ನು ಚಳ್ಳಕೆರೆಯಿಂದಾಚೆಗಿನ ತನ್ನ ಊರಿಗೆ ಕರೆದುಕೊಂಡು ಹೋದಳು. ಅಮೃತಮಹಲ್ ಕಾವಲಿನ ಅಂಚು, ಪಕ್ಕದಲ್ಲೇ ಗೊಲ್ಲರಹಟ್ಟಿ, ಸುತ್ತ ಶೇಂಗಾ ಹೊಲ. ಸಂಜೆ ಹಾಲು ಕರೆದಾದ ಮೇಲೆ ಜಗಲಿಯಲ್ಲಿ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಬೆನ್ನು ತಟ್ಟುತ್ತಾ ಅವಳು ಈ ಹಾಡು ಹೇಳುತ್ತಿದ್ದಳು. ಅವಳ ಪಾಠದಲ್ಲಿ ಆ ನುಡಿ ಹೀಗಿತ್ತು:

ಮುಂದೆ ಬಂದರೆ ಹಾಯಬೇಡಿರಿ
ಹಿಂದೆ ಬಂದರೆ ಒದೆಯಬೇಡಿರಿ
ಕಂದ ನಿಮ್ಮವನೆಂದು ಕಾಣಿರಿ
ಕಂದ ನಿಮ್ಮವನೆಂದು ಕಾಣಿರಿ

ಶಾಲೆಯ ಪುಸ್ತಕದಲ್ಲಿ ಬೇರೆಯದನ್ನು ಓದಿಯೇ ಇರುತ್ತೇನೆ. ಕಣ್ಣು ಓದಿದ್ದು ಕಿವಿಯಲ್ಲಿದ್ದುದನ್ನು ಅಳಿಸಲಿಲ್ಲ. ‘ತಬ್ಬಲಿಯು ನೀನಾದೆ ಮಗನೆ’ ಎಂಬ ನುಡಿಯನ್ನಂತೂ ಅವಳ ಬಾಯಲ್ಲಿ ಕೇಳಿದ ನೆನಪೇ ಇಲ್ಲ. ಕರುವನ್ನು ಹಸುಗಳ ಕೈಗೆ ಒಪ್ಪಿಸಿದ ತಕ್ಷಣ ಅವಳು ನೇರವಾಗಿ ಹುಲಿಯ ಗವಿಗೆ ಹೋಗುತ್ತಿದ್ದಳು. ‘ಯಾರ ಮೊಲೆಯನು ಕುಡಿಯಲಮ್ಮ’ ಎಂಬುದನ್ನು ಮಾತ್ರ ಬಿಡುತ್ತಿರಲಿಲ್ಲ. ಆ ಪ್ರಶ್ನೆ ಬಂದಾಗ ನಾನು ಅವಳ ಮಡಿಲಲ್ಲೇ ಇರುತ್ತಿದ್ದೆ.

ಈಗ ಎಣಿಸಿ ನೋಡಿದೆ. ದೊಡ್ಡಮ್ಮನ ಪಾಠದಲ್ಲಿ ನಾಲ್ಕನೆಯ ಸಾಲಿಗೆ 14 ಮಾತ್ರೆ. ಮುಂದೆ, ಹಿಂದೆ, ಕಂದ, ಕಂದ: ಪ್ರಾಸ ನಾಲ್ಕೂ ಸಾಲಿಗೆ ಕೂಡಿ ಬಂದಿದೆ. ‘ಂದ’ ಎಂಟು ಸಲ. ಹೊರಗೆ ನಿಂತ ಸಾಲೇ ಇಲ್ಲ.

ಮುಂದಿನ ರಜೆಗೆ ಮಗಳನ್ನೂ ಕರೆದುಕೊಂಡು ಊರಿಗೆ ಹೋದೆ. ದೊಡ್ಡಮ್ಮನಿಗೆ ಈಗ ಕಣ್ಣು ಮಂಜು, ದನಿ ಗಟ್ಟಿಯಾಗಿದೆ. ಆ ಸಾಲನ್ನು ಯಾಕೆ ಹಾಗೆ ಹೇಳುತ್ತಿದ್ದೆ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಸವರುತ್ತಾ ಕುಳಿತಳು.

‘ಮೊದಲ ದಿನ ಇದ್ದ ಹಾಗೆಯೇ ಹೇಳಿದೆ, ತಾಯಿ. ಆ ಮಾತು ಬಂದಾಗ ನೀನು ಮುಖ ಎತ್ತಿ ನನ್ನನ್ನು ನೋಡಿದೆ. ಮಾರನೆಯ ದಿನ ಅಲ್ಲಿಗೆ ಬಂದಾಗ ನಾಲಿಗೆ ಏಳಲಿಲ್ಲ. ಪದವನ್ನು ನಡುವೆ ನಿಲ್ಲಿಸಬಾರದು, ಹಿಂದಿನದನ್ನೇ ಇನ್ನೊಂದು ಸಲ ಹೇಳಿದೆ. ಆಮೇಲೆ ಅದೇ ರೂಢಿಯಾಯಿತು.’

ಮಗಳು ಹಾಡು ಎಂದು ಕಾಡಿದಳು. ದೊಡ್ಡಮ್ಮ ಅವಳ ಮುಂಗೈ ಹಿಡಿದು, ಅದರ ಮೇಲೆ ಮೂರು ನಾಲ್ಕರ ತಾಳ ತಟ್ಟುತ್ತಾ ಹೇಳತೊಡಗಿದಳು. ಮುಂದೆ ಬಂದರೆ, ಹಿಂದೆ ಬಂದರೆ, ಕಂದ ನಿಮ್ಮವನೆಂದು. ಎದುರಿಗಿರುವ ಹುಡುಗಿಗೆ ತಾಯಿ ಇದ್ದಾಳೆ, ಈಗ ಮೂಲದ ಸಾಲನ್ನೇ ಹೇಳಬಹುದು ಎಂದು ನಾನು ಕಾದೆ. ಅವಳು ಮುಖವನ್ನು ನನ್ನ ದನಿ ಕೇಳಿಸುತ್ತಿದ್ದ ದಿಕ್ಕಿಗೆ ತಿರುಗಿಸಿ, ಮೂರನೆಯ ಸಾಲನ್ನೇ ಮತ್ತೆ ಹೇಳಿದಳು.

ಮಗಳು ನೋಟುಬುಕ್ಕು ತೆಗೆದಳು. ನಾಲ್ಕನೆಯ ಸಾಲಿನ ಮುಂದೆ ಬರೆದಿದ್ದ 12 ಎಂಬುದನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ 14 ಎಂದು ಬರೆದು, ಪಕ್ಕದಲ್ಲಿ ‘ದೊಡ್ಡಜ್ಜಿಯ ಪಾಠ’ ಎಂದು ಗುರುತು ಹಾಕಿಕೊಂಡಳು.